ಬುಡಾಪೆಸ್ಟ್‌ನಲ್ಲಿ ಎರಡು ದಿನ: ಯಾವ ಸೇತುವೆಯನ್ನು ನಡೆದು ದಾಟಬೇಕು, ಯಾವುದನ್ನು ಟ್ರಾಮಿನಲ್ಲಿ?

ಪ್ರಶ್ನೆ: ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ, ಅಮ್ಮ ಮೂವರೂ ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಇರುವುದು ಎರಡೇ ದಿನ. ಅಮ್ಮನಿಗೆ 67 ವರ್ಷ, ಮೊಣಕಾಲು ನೋವಿದೆ. ಕೇಳಿದವರೆಲ್ಲ "ರಾತ್ರಿ ನದಿಯಲ್ಲಿ ಒಂದು ಗಂಟೆ ಸುತ್ತಾಡಿಸುವ ದೋಣಿ ಕ್ರೂಸ್ ಹತ್ತಿ, ಸೇತುವೆ, ಪಾರ್ಲಿಮೆಂಟ್ ಎಲ್ಲ ಮುಗೀತು" ಅಂತಾರೆ. ನೀವು ಸೇತುವೆ ಎಂಜಿನಿಯರ್, ಅಲ್ಲಿ ಓಡಾಡಿದವರು. ಕ್ರೂಸ್ ಒಂದೇ ಸಾಕೇ? ಸಾಲದಿದ್ದರೆ ಯಾವ ಕ್ರಮದಲ್ಲಿ ನೋಡಬೇಕು?

ಉತ್ತರ: ಕ್ರೂಸ್ ಹತ್ತಿ, ಬೇಡ ಅನ್ನುವುದಿಲ್ಲ. ಆದರೆ ಕೊನೆಯ ರಾತ್ರಿ ಹತ್ತಿ. ಮೊದಲ ಸಲ ಹೋದಾಗ ನಾನು ಊರಿಗೆ ಇಳಿದ ದಿನವೇ ಹತ್ತಿದ್ದೆ. ಕಿವಿಗೆ ಹೆಡ್‌ಫೋನು, ಎಡಗಡೆ ಹಳದಿ ದೀಪ, ಬಲಗಡೆ ಹಳದಿ ದೀಪ, ತಲೆಯ ಮೇಲೆ ಒಂದಾದ ಮೇಲೊಂದು ಸೇತುವೆ. ಸೇತುವೆಯಲ್ಲೇ ಹೊಟ್ಟೆ ಹೊರೆದ ನನಗೂ ಮರುದಿನ ಯಾವುದು ಯಾವುದು ಅಂತ ನೆನಪಿರಲಿಲ್ಲ. ದೋಣಿಯಲ್ಲಿ ಕೂತವರಿಗೆ ಜಾಸ್ತಿ ಕಾಣುವುದು ಸೇತುವೆಯ ಹೊಟ್ಟೆಯೇ.

ಹೋಗುವ ಮುಂಚೆ ಒಂದು ವಿಷಯ ತಿಳಿದಿರಲಿ. ಅದು ಗೊತ್ತಿದ್ದರೆ ಈ ಊರಿನ ಸೇತುವೆಗಳು ಬೇರೆಯೇ ರೀತಿ ಕಾಣುತ್ತವೆ. 1944ರ ಡಿಸೆಂಬರ್ ಕೊನೆಗೆ ಸೋವಿಯತ್ ಸೈನ್ಯ ಬುಡಾಪೆಸ್ಟನ್ನು ಸುತ್ತುವರಿಯಿತು. ಜರ್ಮನ್ನರು ಪೂರ್ವದ ಪೆಸ್ಟ್ ದಡವನ್ನು ಬಿಟ್ಟು ಪಶ್ಚಿಮದ ಬುಡಾ ದಡಕ್ಕೆ ಹಿಂದೆ ಸರಿಯುತ್ತಾ ತಾವು ದಾಟಿದ ಸೇತುವೆಗಳನ್ನು ಸ್ಫೋಟಿಸಿದರು. 1945ರ ಜನವರಿ ಮುಗಿಯುವ ಹೊತ್ತಿಗೆ ದಾಟಲು ಒಂದೇ ಒಂದು ಸೇತುವೆ ಉಳಿದಿರಲಿಲ್ಲ. ಹಾಗಾಗಿ ನೀವು ಇವತ್ತು ಅಲ್ಲಿ "ಹಳೇ ಸೇತುವೆ" ಅಂತ ನೋಡುವುದೆಲ್ಲ ಯುದ್ಧದ ನಂತರ ಮತ್ತೆ ಕಟ್ಟಿದ್ದು. ಕೆಲವನ್ನು ಇದ್ದ ಹಾಗೇ ಕಟ್ಟಿದರು. ಒಂದನ್ನು ಪೂರ್ತಿ ಹೊಸದಾಗಿ ಕಟ್ಟಿದರು. ಯಾವುದರಲ್ಲಿ ಹಳೆಯದು ಎಷ್ಟು, ಹೊಸದು ಎಷ್ಟು ಅಂತ ಹುಡುಕಿಕೊಂಡು ನಡೆಯಿರಿ. ಎರಡು ದಿನಕ್ಕೆ ಅಷ್ಟು ಸಾಕು.

ದಿಕ್ಕಿನ ಲೆಕ್ಕ ಸುಲಭ. ಡ್ಯಾನ್ಯೂಬ್ ನದಿ ಇಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಸ್ಥಳೀಯರು ಅದನ್ನು 'ದುನಾ' ಅನ್ನುತ್ತಾರೆ. ಪಶ್ಚಿಮಕ್ಕೆ ಗುಡ್ಡಗಳ ಬುಡಾ, ಪೂರ್ವಕ್ಕೆ ಅಂಗೈಯಂತೆ ಸಪಾಟಾದ ಪೆಸ್ಟ್. 1873ರಲ್ಲಿ ಬುಡಾ, ಓಬುಡಾ, ಪೆಸ್ಟ್ ಮೂರೂ ಸೇರಿ ಒಂದು ಊರಾದವು. ಅಂದಹಾಗೆ, ಅಲ್ಲಿಯವರ ಬಾಯಲ್ಲಿ ಅದು 'ಪೆಶ್ಟ್'. ಬೆಳಗಿನ ಬಿಸಿಲು ಬುಡಾದ ಗುಡ್ಡಗಳ ಮೇಲೆ ಬೀಳುತ್ತದೆ, ಸಂಜೆಯ ಬಿಸಿಲು ಪೆಸ್ಟ್ ದಂಡೆಯ ಪಾರ್ಲಿಮೆಂಟ್ ಮೇಲೆ. ಫೋಟೋ ಯಾವಾಗ ತೆಗೆಯಬೇಕು ಅನ್ನುವುದಕ್ಕೆ ಬೇರೆ ಲೆಕ್ಕ ಬೇಡ.

ಟ್ರಾಮು, ಬಸ್ಸು, ಮೆಟ್ರೋ ಎಲ್ಲಕ್ಕೂ ಆಗುವ ಪಾಸ್ ತಗೊಳ್ಳಿ. ಅಮ್ಮನ ಮೊಣಕಾಲಿಗೆ ಅದೇ ಔಷಧಿ. ಬಿಡಿ ಟಿಕೆಟ್ ತಗೊಂಡರೆ ಹತ್ತಿದ ತಕ್ಷಣ ಅಲ್ಲಿರುವ ಯಂತ್ರದಲ್ಲಿ ಗುರುತು ಹಾಕಿಸಲೇಬೇಕು. ನಾನು ಒಮ್ಮೆ ಮರೆತು, ಜೇಬಿನಲ್ಲಿ ಟಿಕೆಟ್ ಇಟ್ಟುಕೊಂಡೇ ದಂಡ ಕಟ್ಟಿದ್ದೇನೆ. ಇನ್ನೊಂದು, ಹಂಗೇರಿಯಲ್ಲಿ ಯೂರೋ ಅಲ್ಲ, ಫೋರಿಂಟ್ ನಡೆಯುವುದು. ಯೂರೋ ತಗೊಳ್ಳುವ ಅಂಗಡಿಗಳಿವೆ, ಆದರೆ ಲೆಕ್ಕ ಅವರಿಗೆ ಅನುಕೂಲವಾಗುವ ಹಾಗೇ ಇರುತ್ತದೆ.

ಮೊದಲ ದಿನ ದಕ್ಷಿಣದಿಂದ ಶುರು ಮಾಡಿ. ಪೆಸ್ಟ್ ಕಡೆ ಲಿಬರ್ಟಿ ಸೇತುವೆಯ ಬುಡದಲ್ಲೇ ದೊಡ್ಡ ಮಾರುಕಟ್ಟೆ ಇದೆ. 1897ರ ಕಟ್ಟಡ, ಬಣ್ಣದ ಹೆಂಚಿನ ಮಾಡು, ಒಳಗೆ ಕಬ್ಬಿಣದ ಕಂಬಗಳು. ಭಾನುವಾರವನ್ನು ನಂಬಿಕೊಂಡು ಹೋಗಬೇಡಿ. ಕೆಳಗಿನ ಅಂಗಡಿಗಳಲ್ಲಿ ಪಾಪ್ರಿಕಾ ಪುಡಿಯ ಸಾಲು ನೋಡಿದರೆ ನಿಮಗೆ ಬ್ಯಾಡಗಿ ಮೆಣಸಿನಕಾಯಿ ನೆನಪಾಗದೆ ಇರುವುದಿಲ್ಲ. ಗುಣವೂ ಅದೇ, ಖಾರಕ್ಕಿಂತ ಬಣ್ಣ ಜಾಸ್ತಿ. 'ಏದೆಶ್' ಅಂತ ಬರೆದಿದ್ದರೆ ಸಪ್ಪೆ, 'ಚೀಪೋಶ್' ಅಂದರೆ ಖಾರ. ಆ ಖಾರವೂ ನಮ್ಮ ನಾಲಿಗೆಗೆ ಅಷ್ಟಕ್ಕಷ್ಟೇ. ಮೇಲಿನ ಮಹಡಿಯಲ್ಲಿ ಲಾಂಗೋಶ್ ಸಿಗುತ್ತದೆ. ತಟ್ಟೆಯಗಲದ ಭಟೂರ ಅಂದುಕೊಳ್ಳಿ, ಮೇಲೆ ಬೆಳ್ಳುಳ್ಳಿ, ಹುಳಿ ಕ್ರೀಮು, ತುರಿದ ಚೀಸು. ಸಸ್ಯಾಹಾರಿಗಳಾದರೆ ಎಣ್ಣೆಯಲ್ಲಿ ಕರಿದದ್ದೋ ಕೊಬ್ಬಿನಲ್ಲೋ ಅಂತ ಮೊದಲೇ ಕೇಳಿ. ಕೆಲವರು ಹಂದಿ ಕೊಬ್ಬು ಬಳಸುತ್ತಾರೆ.

ಹೊಟ್ಟೆ ತುಂಬಿದ ಮೇಲೆ ಲಿಬರ್ಟಿ ಸೇತುವೆಯನ್ನು ನಡೆದೇ ದಾಟಿ. ಉದ್ದ ಸುಮಾರು 333 ಮೀಟರು. ಹಸಿರು ಕಬ್ಬಿಣ, ಮಧ್ಯದಲ್ಲಿ ಹಳದಿ ಟ್ರಾಮು. ದೂರದಿಂದ ನೋಡಿದರೆ ತೂಗುಸೇತುವೆಯ ಹಾಗೆ ಕಾಣುತ್ತದೆ. ಎರಡು ಎತ್ತರದ ಗೋಪುರ, ನಡುವೆ ಬಳುಕಿದ ಗೆರೆ. ಆದರೆ ಅದು ತೂಗುಸೇತುವೆ ಅಲ್ಲವೇ ಅಲ್ಲ. ಇಬ್ಬರು ಎದುರುಬದುರು ನಿಂತು ಕೈ ಚಾಚಿ, ನಡುವೆ ಒಂದು ಹಲಗೆ ಹಿಡಿದಿದ್ದಾರೆ ಅಂದುಕೊಳ್ಳಿ. ಆ ಕಡೆಯಿಂದ ಒಂದು ತೋಳು, ಈ ಕಡೆಯಿಂದ ಒಂದು ತೋಳು, ನಡುವಿನ ತುಂಡು ಆ ಎರಡರ ತುದಿಗೆ ಆತುಕೊಂಡಿದೆ. ವಿನ್ಯಾಸ ಮಾಡಿದ ಯಾನೋಶ್ ಫೆಕೆತೆಹಾಜಿ ಒಳಗೆ ಒಂದು ಲೆಕ್ಕ ಇಟ್ಟು, ಹೊರಗೆ ಉತ್ತರಕ್ಕಿರುವ ಹಳೇ ತೂಗುಸೇತುವೆ ಚೈನ್ ಬ್ರಿಡ್ಜ್‌ಗೆ ಹೊಂದುವ ರೂಪ ಕೊಟ್ಟ. ನಮ್ಮ ಕಸುಬಿನವರಿಗೆ ಇಂಥ ಸುಳ್ಳು ಸಾಮಾನ್ಯವಾಗಿ ಇಷ್ಟವಾಗುವುದಿಲ್ಲ. ಇದೊಂದನ್ನು ನಾನು ಕ್ಷಮಿಸಿದ್ದೇನೆ.

ಗೋಪುರದ ನೆತ್ತಿಯಲ್ಲಿ ರೆಕ್ಕೆ ಬಿಚ್ಚಿ ಕೂತ ಹಕ್ಕಿಗಳು ಹಂಗೇರಿಯ ದಂತಕತೆಯ 'ತುರುಲ್'ಗಳು. 1896ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾ-ಹಂಗೇರಿಯ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಬೆಳ್ಳಿಯ ಕೊನೆಯ ರಿವೆಟ್ ಹೊಡೆದು ಈ ಸೇತುವೆಯನ್ನು ಉದ್ಘಾಟಿಸಿದ. ಆ ಬೆಳ್ಳಿ ಆಮೇಲೆ ಕಳುವಾಯಿತು. ಈಗಿರುವುದು ನಕಲು. 1945ರ ಜನವರಿ 16ರಂದು ಸೇತುವೆಯ ನಡುಭಾಗವನ್ನು ಸ್ಫೋಟಿಸಿದರು. ಹಾಳಾದದ್ದು ಉಳಿದವಕ್ಕಿಂತ ಕಡಿಮೆ, ಹಾಗಾಗಿ ದೊಡ್ಡ ಸೇತುವೆಗಳಲ್ಲಿ ಇದೇ ಮೊದಲು ಎದ್ದು ನಿಂತದ್ದು, 1946ರ ಆಗಸ್ಟ್ 20ಕ್ಕೆ. ಸಂಜೆ ಹೊತ್ತು ಹುಡುಗ ಹುಡುಗಿಯರು ಇದರ ಅಗಲವಾದ ಕಬ್ಬಿಣದ ತೊಲೆಗಳ ಮೇಲೆ ಸಾಲಾಗಿ ಕೂತಿರುತ್ತಾರೆ. ನೀವು ಬೇಲಿಗೆ ಒರಗಿ ನಿಂತರೆ ಸಾಕು. ಟ್ರಾಮು ಬಂದಾಗ ಕಾಲಡಿ ಸಣ್ಣದಾಗಿ ನಡುಗುತ್ತದೆ. ಅಮ್ಮ ಗಾಬರಿಯಾದರೆ ಹೇಳಿ, ಅಷ್ಟು ನಡುಗುವುದು ಸಹಜ.

ಆ ಕಡೆ ದಾಟಿದರೆ ಎದುರಿಗೆ ಗೆಲ್ಲೇರ್ತ್ ಬೆಟ್ಟ. 1046ರಲ್ಲಿ ಬಿಷಪ್ ಗೆಲ್ಲೇರ್ತನನ್ನು ಈ ಬೆಟ್ಟದಿಂದ ಕೆಳಗೆ ತಳ್ಳಿ ಕೊಂದರು ಅನ್ನುವುದು ಅಲ್ಲಿಯ ಕತೆ. ಬೆಟ್ಟ ಹತ್ತುವುದನ್ನು ಈ ಸಲ ಬಿಡಿ, ಮೆಟ್ಟಿಲು ಜಾಸ್ತಿ. ಅಲ್ಲಿಂದ 19 ಅಥವಾ 41ನೇ ಟ್ರಾಮು ಹತ್ತಿ ಬುಡಾ ದಂಡೆಯಲ್ಲೇ ಉತ್ತರಕ್ಕೆ ಹೋಗಿ. ಬಲಗಡೆ ಕಿಟಕಿಯಲ್ಲಿ ಕೂರಿ, ನದಿ ಆ ಕಡೆಗಿದೆ. ದಾರಿಯಲ್ಲಿ ರುದಾಶ್ ಸ್ನಾನಗೃಹ ಸಿಗುತ್ತದೆ. ತುರ್ಕರು 16ನೇ ಶತಮಾನದಲ್ಲಿ ಕಟ್ಟಿದ ಗುಮ್ಮಟ, ಅದರಡಿ ಎಂಟು ಮೂಲೆಯ ಬಿಸಿನೀರಿನ ಕೊಳ. ವಾರದ ಕೆಲವು ಹೊತ್ತು ಗಂಡಸರಿಗೆ ಮಾತ್ರ, ಒಂದು ದಿನ ಹೆಂಗಸರಿಗೆ ಮಾತ್ರ. ಕುಟುಂಬದವರು ಹೋಗುವ ಮುಂಚೆ ದಿನ ನೋಡಿಕೊಂಡು ಹೋಗಿ. ಅಮ್ಮನ ಕಾಲಿಗೆ ಒಳ್ಳೆಯದೇ, ಆದರೆ ಎರಡೇ ದಿನ ಇರುವವರಿಗೆ ಅರ್ಧ ದಿನ ಹೋಗುತ್ತದೆ.

ರುದಾಶ್ ಪಕ್ಕದಲ್ಲೇ ತಲೆಯ ಮೇಲೆ ಹೋಗುವುದು ಎಲಿಜಬೆತ್ ಸೇತುವೆ. ಟ್ರಾಮಿನಿಂದ ನೋಡಿದರೆ ಸಾಕು. ನಡೆದು ದಾಟಿದರೆ ಕಾರುಗಳ ಸದ್ದು ಬಿಟ್ಟು ಜಾಸ್ತಿಯೇನೂ ಸಿಗುವುದಿಲ್ಲ. ಆದರೆ ಗಮನಿಸಿ ನೋಡಿ, ಯಾಕೆಂದರೆ ಮೊದಲಿನ ರೂಪಕ್ಕೆ ಮರಳದ ಸೇತುವೆ ಇದೇ. 1903ರ ಮೂಲ ಸೇತುವೆ ಸರಪಳಿಯದ್ದು, ನಕ್ಷೆ ಕೆತ್ತಿದ ಗೋಪುರಗಳಿದ್ದವು. ನಡುವೆ ಕಂಬವಿಲ್ಲದೆ 290 ಮೀಟರ್ ಹಾರುತ್ತಿತ್ತು. ಆ ಕಾಲಕ್ಕೆ ಅದು ದೊಡ್ಡ ಸಾಹಸ. ಯುದ್ಧದ ನಂತರ ಸುಮಾರು ಇಪ್ಪತ್ತು ವರ್ಷ ಅದನ್ನು ಮತ್ತೆ ಕಟ್ಟಲಿಲ್ಲ. 1964ರಲ್ಲಿ ಪಾಲ್ ಶಾವೋಯಿ ವಿನ್ಯಾಸದ ಈಗಿನ ಬಿಳಿ ಕೇಬಲ್ ಸೇತುವೆ ಬಂತು. ಅದೇ ಜಾಗ, ಅದೇ 290 ಮೀಟರು, ಒಂದು ಹೂವಿನ ನಕ್ಷೆಯೂ ಇಲ್ಲ. ಹಳೇ ಫೋಟೋ ನೋಡಿದವರು ಈಗಲೂ "ಅಯ್ಯೋ" ಅಂತಾರೆ. ನನಗೆ ಹೊಸದೇ ಇಷ್ಟ. ಹಳೆಯದರ ಹಾಗೆ ವೇಷ ಹಾಕಿಲ್ಲ ನೋಡಿ.

ಅಲ್ಲಿಂದ ಮುಂದೆ ಕ್ಲಾರ್ಕ್ ಆಡಾಮ್ ಚೌಕದಲ್ಲಿ ಇಳಿಯಿರಿ. ಈ ಹೆಸರಿನದ್ದು ಒಂದು ಮಜಾ. ಆಡಮ್ ಕ್ಲಾರ್ಕ್ ಸ್ಕಾಟ್ಲೆಂಡಿನ ಎಂಜಿನಿಯರ್. ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ನಾವು ಊರಿನ ಹೆಸರು ಮುಂದೆ ಹಾಕಿಕೊಳ್ಳುವ ಹಾಗೆ. ಹಾಗಾಗಿ ಅವನು ಕ್ಲಾರ್ಕ್ ಆಡಮ್ ಆಗಿಬಿಟ್ಟ. ಚೌಕದಲ್ಲಿ ಸೊನ್ನೆಯ ಆಕಾರದ ದೊಡ್ಡ ಕಲ್ಲಿದೆ. ಹಂಗೇರಿಯ ರಸ್ತೆಗಳ ದೂರ ಅಳೆಯುವುದು ಇಲ್ಲಿಂದ. ಎದುರಿನ ಗುಡ್ಡದಲ್ಲಿ ಕಾಣುವ ಸುರಂಗವನ್ನೂ ಕ್ಲಾರ್ಕನೇ ಕಟ್ಟಿಸಿದ್ದು, 1857ರಲ್ಲಿ ಮುಗಿಯಿತು. ಮಳೆ ಬಂದಾಗ ಸೇತುವೆ ನೆನೆಯದಿರಲಿ ಅಂತ ಅದನ್ನು ಸುರಂಗದೊಳಗೆ ತಳ್ಳಿ ಇಡುತ್ತಾರೆ ಅನ್ನುವುದು ಅಲ್ಲಿಯ ಹಳೇ ತಮಾಷೆ.

ಸೇತುವೆಗೆ ಕಾಲಿಡುವ ಮುಂಚೆ ಗುಡ್ಡದ ಮೇಲೆ ಹೋಗಿಬನ್ನಿ. ಪಕ್ಕದಲ್ಲೇ 1870ರ ಹಗ್ಗದ ರೈಲು ಇದೆ. ಅದೂ ಯುದ್ಧದಲ್ಲಿ ಹಾಳಾಗಿ, ಮತ್ತೆ ಓಡಿದ್ದು 1986ರಲ್ಲಿ. ಚೆಂದ ಇದೆ, ಆದರೆ ಕ್ಯೂ ಉದ್ದ, ದುಡ್ಡು ಜಾಸ್ತಿ, ಪ್ರಯಾಣ ಒಂದೆರಡು ನಿಮಿಷ. ಅದೇ ಚೌಕದಿಂದ 16ನೇ ಬಸ್ಸು ನಿಮ್ಮ ಪಾಸಿನಲ್ಲೇ ಗುಡ್ಡ ಹತ್ತಿಸುತ್ತದೆ. ಮಥಿಯಾಸ್ ಚರ್ಚ್ ಹತ್ತಿರ ಇಳಿದರೆ ಹಿಂದೆಯೇ ಮೀನುಗಾರರ ಬುರುಜು. ನೋಡಲು ಸಾವಿರ ವರ್ಷದ ಕೋಟೆಯ ಹಾಗಿದೆ, ಕಟ್ಟಿದ್ದು ಮಾತ್ರ 1895ರಿಂದ 1902ರೊಳಗೆ. ಏಳು ಗೋಪುರ, ಹಂಗೇರಿಗೆ ಬಂದ ಏಳು ಬುಡಕಟ್ಟುಗಳ ಲೆಕ್ಕಕ್ಕೆ. ಮೇಲಿನ ಅಂತಸ್ತಿಗೆ ಹಗಲು ಟಿಕೆಟ್ ಕೇಳುತ್ತಾರೆ. ಕೆಳಗಿನ ಕಮಾನುಗಳಿಂದ ಪುಕ್ಕಟೆಯಾಗಿ ಅದೇ ನದಿ, ಅದೇ ಪಾರ್ಲಿಮೆಂಟು ಕಾಣುತ್ತದೆ.

ಕತ್ತಲಾಗುವ ಅರ್ಧ ಗಂಟೆ ಮುಂಚೆ ಕೆಳಗಿಳಿದು ಬನ್ನಿ. ಆಗ ಚೈನ್ ಬ್ರಿಡ್ಜ್ ದಾಟಬೇಕು. ಎರಡು ದಿನದಲ್ಲಿ ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಸುಮಾರು 375 ಮೀಟರು, ಏರು ಅನ್ನುವ ಹಾಗೇನೂ ಇಲ್ಲ. 2023ರಲ್ಲಿ ದುರಸ್ತಿ ಮುಗಿದ ಮೇಲೆ ಖಾಸಗಿ ಕಾರುಗಳಿಗೆ ಇಲ್ಲಿ ಪ್ರವೇಶವಿಲ್ಲ. ಬಸ್ಸು, ಟ್ಯಾಕ್ಸಿ, ಸೈಕಲ್ಲು ಅಷ್ಟೇ. ಅಮ್ಮ ನಿಧಾನಕ್ಕೆ ನಡೆಯಬಹುದು.

ಇದರ ಹಿಂದಿನ ಮನುಷ್ಯ ಕೌಂಟ್ ಇಷ್ತ್ವಾನ್ ಸೇಚೆನ್ಯಿ. ಆಗ ಇಲ್ಲಿ ದೋಣಿಗಳನ್ನು ಸಾಲಾಗಿ ಕಟ್ಟಿದ ತೇಲುಸೇತುವೆ ಇತ್ತು. ಚಳಿಗಾಲದಲ್ಲಿ ನದಿಯಲ್ಲಿ ಮಂಜುಗಡ್ಡೆ ಬರುತ್ತಿದ್ದರಿಂದ ಅದನ್ನು ಬಿಚ್ಚಿಡುತ್ತಿದ್ದರು. 1820ರ ಚಳಿಗಾಲದಲ್ಲಿ ಅವನ ಅಪ್ಪ ತೀರಿಕೊಂಡ. ಮಗ ಅಂತ್ಯಕ್ರಿಯೆಗೆ ಹೊರಟರೆ ನದಿ ದಾಟಲಾಗದೆ ಒಂದು ವಾರ ಇಲ್ಲೇ ಕಾಯಬೇಕಾಯಿತು. ಆಮೇಲೆ ಅವನು ಸೇತುವೆಯ ಬೆನ್ನು ಬಿದ್ದ. ದುಡ್ಡು ಎಲ್ಲಿಂದ ತರುವುದು? ದಾಟುವವರೆಲ್ಲ ಸುಂಕ ಕೊಡಲಿ ಅಂತಾಯಿತು. ಇದು ಸಣ್ಣ ಮಾತಲ್ಲ. ಅಲ್ಲಿಯ ಶ್ರೀಮಂತ ಮನೆತನಗಳು ಅಲ್ಲಿಯವರೆಗೆ ಇಂಥ ಸುಂಕ ಕಟ್ಟುತ್ತಲೇ ಇರಲಿಲ್ಲ. ಈ ಸೇತುವೆಯ ಮೇಲೆ ಪ್ರಭುವೂ ರೈತನೂ ಒಂದೇ ಕಟ್ಟೆಯಲ್ಲಿ ಕಾಸು ಬಿಚ್ಚಬೇಕಾಯಿತು.

ವಿನ್ಯಾಸ ಇಂಗ್ಲೆಂಡಿನ ವಿಲಿಯಂ ಟಿಯರ್ನಿ ಕ್ಲಾರ್ಕ್‌ನದ್ದು, ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದ್ದು ನಮ್ಮ ಕ್ಲಾರ್ಕ್ ಆಡಮ್. ಇಬ್ಬರೂ ಕ್ಲಾರ್ಕ್, ಸಂಬಂಧಿಕರಲ್ಲ. ನಮ್ಮ ಮಲೆನಾಡಿನ ತೂಗುಸೇತುವೆಯಲ್ಲಿ ತಂತಿಯ ಹಗ್ಗ ಇರುತ್ತದೆ, ಇಲ್ಲಿರುವುದು ಕಬ್ಬಿಣದ ಉದ್ದನೆಯ ಪಟ್ಟಿಗಳು. ತುದಿಗೆ ತೂತು, ತೂತಿಗೆ ಕೀಲು, ಸೈಕಲ್ ಚೈನಿನ ಹಾಗೆ. ಕೈಗೆ ಸಿಗುವಷ್ಟು ಕೆಳಗೆ ಬಂದ ಜಾಗದಲ್ಲಿ ನಿಂತು ನೋಡಿ. 1848ರ ಜುಲೈನಲ್ಲಿ ಕೊನೆಯ ಸರಪಳಿ ಏರಿಸುವಾಗ ಅದು ಜಾರಿ ಬಿದ್ದು, ಕೆಳಗಿದ್ದ ಅಟ್ಟ ಮುರಿಯಿತು. ನೋಡುತ್ತ ನಿಂತಿದ್ದ ಸೇಚೆನ್ಯಿಯೂ ನದಿಗೆ ಬಿದ್ದು, ಈಜಿ ದಡ ಸೇರಿದ. ಎರಡು ತಿಂಗಳಲ್ಲಿ ಅವನ ಮನಸ್ಸಿನ ಆರೋಗ್ಯ ಕೆಟ್ಟು ವಿಯೆನ್ನಾ ಬಳಿಯ ಆಸ್ಪತ್ರೆ ಸೇರಿದ. 1849ರ ನವೆಂಬರ್ 20ರಂದು ಸೇತುವೆ ತೆರೆದಾಗ ಅವನಿರಲಿಲ್ಲ. 1860ರಲ್ಲಿ ಅಲ್ಲೇ ತೀರಿಕೊಂಡ. ತಾನು ಕಟ್ಟಿಸಿದ ಸೇತುವೆಯನ್ನು ಅವನು ದಾಟಲೇ ಇಲ್ಲ.

ಎರಡು ತುದಿಯಲ್ಲಿ ನಾಲ್ಕು ಕಲ್ಲಿನ ಸಿಂಹಗಳಿವೆ. ಕೆತ್ತಿದವನು ನಾಲಿಗೆ ಮರೆತ, ಒಬ್ಬ ಹುಡುಗ ಅದನ್ನು ಎತ್ತಿ ಆಡಿದ, ನಾಚಿಕೆಯಿಂದ ಶಿಲ್ಪಿ ನದಿಗೆ ಹಾರಿದ ಅಂತ ಗೈಡುಗಳು ಹೇಳುತ್ತಾರೆ. ಸುಮ್ನೆ ಕತೆ. ನಾಲಿಗೆ ಇದೆ, ಕೆಳಗಿನಿಂದ ಕಾಣುವುದಿಲ್ಲ.

ಈಗ ಹಳೆಯದು ಎಷ್ಟು ಅಂತ ನೋಡೋಣ. 1915ರ ಹೊತ್ತಿಗೇ ಭಾರ ತಾಳಲಿ ಅಂತ ಕಬ್ಬಿಣದ ಭಾಗವನ್ನೆಲ್ಲ ಬದಲಾಯಿಸಿದ್ದರು. 1945ರ ಜನವರಿ 18ರಂದು ಸ್ಫೋಟವಾದಾಗ ರಸ್ತೆ, ಸರಪಳಿ ನೀರಿಗೆ ಬಿದ್ದವು, ಕಲ್ಲಿನ ಕಮಾನುಗಳು ನಿಂತವು. ಮತ್ತೆ ಕಟ್ಟಿ ತೆರೆದದ್ದು 1949ರ ನವೆಂಬರ್ 20ಕ್ಕೆ, ಅಂದರೆ ಮೊದಲು ತೆರೆದು ಸರಿಯಾಗಿ ನೂರು ವರ್ಷಕ್ಕೆ. ಹಾಗಾಗಿ ಕಲ್ಲಿಗೆ ಕೈಯಿಟ್ಟರೆ ಸೇಚೆನ್ಯಿಯ ಕಾಲ, ಕಬ್ಬಿಣಕ್ಕೆ ಕೈಯಿಟ್ಟರೆ ಇಪ್ಪತ್ತನೇ ಶತಮಾನ. ದೋಣಿಯಲ್ಲಿ ಕೂತರೆ ಇದು ಹೇಗೆ ಗೊತ್ತಾಗಬೇಕು ಹೇಳಿ?

ಎರಡನೇ ದಿನ ಪೆಸ್ಟ್ ದಂಡೆಯ 2ನೇ ಟ್ರಾಮು. ಪೂರ್ತಿ ಊರು ತೋರಿಸುವ ಗೈಡ್ ಬಸ್ಸಿಗೆ ದುಡ್ಡು ಕೊಡುವ ಬದಲು ಇದರಲ್ಲಿ ಎರಡು ಸಲ ಹೋಗಿಬನ್ನಿ. ಪಾರ್ಲಿಮೆಂಟ್ ಹತ್ತಿರ ಇಳಿಯಿರಿ. ಇಮ್ರೆ ಶ್ಟೈಂಡ್ಲ್ ವಿನ್ಯಾಸ, 268 ಮೀಟರ್ ಉದ್ದ, 691 ಕೋಣೆಗಳು. ಗುಮ್ಮಟದ ಎತ್ತರ 96 ಮೀಟರು, ಸಂತ ಸ್ಟೀಫನ್ ಬೆಸಿಲಿಕಾದ್ದೂ 96. ಹಂಗೇರಿಯವರ ಪೂರ್ವಿಕರು ಈ ನೆಲಕ್ಕೆ ಬಂದದ್ದು 896ರಲ್ಲಿ ಅನ್ನುವ ನೆನಪಿಗೆ. ಒಳಗೆ ಹೋಗಬೇಕಿದ್ದರೆ ಈಗಲೇ ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿ, ಮೇ ತಿಂಗಳಲ್ಲಿ ಅಲ್ಲಿ ಹೋಗಿ ಕೇಳಿದರೆ ಸಿಗುವುದು ಕಷ್ಟ. ಯುರೋಪಿನ ಒಕ್ಕೂಟದ ಹೊರಗಿನವರಿಗೆ ದರ ಜಾಸ್ತಿ. ಗುಮ್ಮಟದಡಿ ರಾಜರ ಕಿರೀಟ ಇದೆ. ಅದನ್ನು ಬಿಟ್ಟರೆ ಹೊರಗಿನ ನೋಟವೇ ನನಗೆ ಹೆಚ್ಚು. ಒಳಗೆ ಚಿನ್ನ ಸ್ವಲ್ಪ ಅತಿಯಾಯಿತು.

ಅಲ್ಲಿಂದ ನದಿ ದಂಡೆಯಲ್ಲೇ ದಕ್ಷಿಣಕ್ಕೆ ಸುಮಾರು 300 ಮೀಟರ್ ನಡೆದರೆ ಶೂಗಳು. ನೀರಿನ ಅಂಚಿನಲ್ಲಿ ಕಬ್ಬಿಣದ 60 ಜೊತೆ. ಗಂಡಸರದ್ದು, ಹೆಂಗಸರದ್ದು, ಮಕ್ಕಳದ್ದು. 1944–45ರಲ್ಲಿ ಇಲ್ಲಿಯ ಫ್ಯಾಸಿಸ್ಟ್ ಪಡೆ, ಆ್ಯರೋ ಕ್ರಾಸ್‌ನವರು, ಯಹೂದಿಗಳನ್ನು ದಂಡೆಯಲ್ಲಿ ನಿಲ್ಲಿಸಿ ಗುಂಡು ಹೊಡೆದು ನದಿಗೆ ಬೀಳಿಸಿದರು. ಅದಕ್ಕೆ ಮುಂಚೆ ಶೂ ಬಿಚ್ಚಿಸುತ್ತಿದ್ದರು, ಯುದ್ಧದ ಕಾಲದಲ್ಲಿ ಶೂಗೆ ಬೆಲೆ ಇತ್ತು. 2005ರಲ್ಲಿ ಚಿತ್ರ ನಿರ್ದೇಶಕ ಜಾನ್ ತೊಗಾಯ್ ಮತ್ತು ಶಿಲ್ಪಿ ಜೂಲಾ ಪೌವರ್ ಇದನ್ನು ಮಾಡಿದರು. ಕೆಲವರು ಅಲ್ಲಿ ಕಾಲಿಟ್ಟು ಸೆಲ್ಫಿ ತೆಗೆಯುತ್ತಾರೆ, ದಯವಿಟ್ಟು ಬೇಡ. ಕೆಳದಂಡೆಯ ರಸ್ತೆಯಲ್ಲಿ ಕಾರುಗಳು ಜೋರಾಗಿ ಓಡುತ್ತವೆ, ಸಿಗ್ನಲ್ ಇರುವಲ್ಲೇ ದಾಟಿ. ನದಿ ಉಕ್ಕಿದಾಗ ಈ ದಂಡೆ ಮುಳುಗುತ್ತದೆ. 2013ರ ಜೂನ್‌ನಲ್ಲಿ ಇಲ್ಲಿಯ ನೀರಿನ ಮಟ್ಟ 891 ಸೆಂಟಿಮೀಟರ್ ಮುಟ್ಟಿ ದಾಖಲೆಯಾಯಿತು.

ಮಧ್ಯಾಹ್ನದ ಮೇಲೆ ಮಾರ್ಗರೆಟ್ ಸೇತುವೆ. ಇದನ್ನು ನಡೆಯಬೇಡಿ, 600 ಮೀಟರಿಗಿಂತ ಉದ್ದ. 4 ಅಥವಾ 6ನೇ ಟ್ರಾಮು ಹತ್ತಿ ಸೇತುವೆಯ ನಡುವಿನ ಸ್ಟಾಪಿನಲ್ಲಿ ಇಳಿಯಿರಿ. ಸೇತುವೆ ಅಲ್ಲೇ ಬಾಗುತ್ತದೆ. ನದಿಯನ್ನು ಇಬ್ಭಾಗ ಮಾಡುವ ಮಾರ್ಗರೆಟ್ ದ್ವೀಪದ ತುದಿ ಇದು, ಎರಡು ಕವಲಿನ ನೀರಿಗೂ ಕಂಬಗಳು ನೇರವಾಗಿ ನಿಲ್ಲಲಿ ಅಂತ ಹೀಗೆ ಬಗ್ಗಿಸಿದ್ದಾರೆ. ಫ್ರಾನ್ಸಿನ ಅರ್ನೆಸ್ಟ್ ಗುಯೆಂ 1876ರಲ್ಲಿ ಮುಗಿಸಿದ್ದು. ಇದರ ಕತೆ ಉಳಿದವಕ್ಕಿಂತ ಕೆಟ್ಟದ್ದು. 1944ರ ನವೆಂಬರ್ 4ರಂದು ಜರ್ಮನ್ನರು ಸ್ಫೋಟಕ ಜೋಡಿಸುತ್ತಿದ್ದಾಗಲೇ ಅದು ಹೊತ್ತಿಕೊಂಡಿತು. ಸೇತುವೆಯ ಮೇಲೆ ಜನ ಓಡಾಡುತ್ತಿದ್ದರು. ನೂರಾರು ಜನ ಸತ್ತರು. ಆ ಬಾಗಿದ ಜಾಗದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಇಡೀ ಊರು ಒಂದೇ ನೋಟದಲ್ಲಿ ಸಿಗುತ್ತದೆ. ಆಮೇಲೆ ದ್ವೀಪದ ತೋಟದಲ್ಲಿ ಬೆಂಚು ಹುಡುಕಿ ಅಮ್ಮನನ್ನು ಕೂರಿಸಿ.

ಸಂಜೆ ಪಾರ್ಲಿಮೆಂಟ್‌ಗೆ ವಾಪಸ್ ಬಂದು ಕೆಂಪು ಮೆಟ್ರೋ ಲೈನಿನಲ್ಲಿ ನದಿಯ ಕೆಳಗಿಂದ ಒಂದೇ ಸ್ಟಾಪು, ಬತ್ಯಾನಿ ಚೌಕ. ಮೇಲೆ ಬಂದರೆ ಪಾರ್ಲಿಮೆಂಟು ಎದುರಿಗೇ, ಮುಳುಗುವ ಬಿಸಿಲು ಅದರ ಮುಖಕ್ಕೆ. ನೀವು ನಿಂತ ಜಾಗಕ್ಕೂ ಆ ದಡಕ್ಕೂ ನಡುವೆ ಈಗ ಬರೀ ನೀರು. ಆದರೆ 1946ರ ಜನವರಿ 18ರಿಂದ 1960ರವರೆಗೆ ಇಲ್ಲೊಂದು ಸೇತುವೆ ಇತ್ತು, ಕೋಶುತ್ ಸೇತುವೆ. ಎಲ್ಲ ಬಿದ್ದುಹೋಗಿ ಸರಿಯಾಗಿ ಒಂದು ವರ್ಷಕ್ಕೆ, ಸಿಕ್ಕಿದ ಸಾಮಾನಿನಲ್ಲಿ, ತಾತ್ಕಾಲಿಕವಾಗಿ ಕಟ್ಟಿದ್ದು. ಉಳಿದವು ಒಂದೊಂದಾಗಿ ಎದ್ದ ಮೇಲೆ ಇದನ್ನು ಕೆಡವಿದರು. ಯಾವ ಕ್ರೂಸಿನ ಹೆಡ್‌ಫೋನಿನಲ್ಲೂ ನಾನು ಇದರ ಹೆಸರು ಕೇಳಿಲ್ಲ.

ದೀಪ ಹತ್ತಿದ ಮೇಲೆ ಬೇಕಾದರೆ ಕ್ರೂಸ್ ಹತ್ತಿ. ಮೇಲಿನ ಡೆಕ್‌ನಲ್ಲಿ ಗಾಳಿ ಜೋರು, ಅಮ್ಮನಿಗೆ ಶಾಲು ಇರಲಿ.